ಮಶಾಕ್ ಸರ್ ಮತ್ತು ಟಿವಿಯೊಳಗಿನ ಮಾಸ್ತರ

ಮಶಾಕ್ ಸರ್ ಟಿವಿಯೊಳಗಿನ ಮಾಸ್ತರನ ಜೊತೆ ಜಗಳಕ್ಕೆ ಬೀಳುತ್ತಿದ್ದರು. ಕನ್ನಡಕ ಹಣೆಗೇರಿಸಿ, ಕೈ ಎತ್ತಿ, ನಿಜವಾದ ಜಗಳ. “ಏ ಭಾಯಿ, ಜರಾ ಸಾವಕಾಶ ಹೇಳೋ. ಯಾರು ಬೆನ್ನ ಹತ್ತ್ಯಾರ ನಿನಗ?” ಎಂದು ವಿಡಿಯೊ ನಿಲ್ಲಿಸಿ, ಮಕ್ಕಳ ಕಡೆ ತಿರುಗಿ, “ಇಂವ ಏನಂದ ಅಂದ್ರ…” ಎಂದು ಅದೇ ಲೆಕ್ಕವನ್ನು ನಮ್ಮ ಮಾತಿನಲ್ಲಿ ಮೊದಲಿನಿಂದ ಶುರು ಮಾಡುತ್ತಿದ್ದರು. ಹತ್ತು ನಿಮಿಷದ ವಿಡಿಯೊ ಎರಡು ದಿನ ನಡೆಯುತ್ತಿತ್ತು.

ಇದನ್ನೆಲ್ಲ ನಾನು ವರಾಂಡದಲ್ಲಿ ನಿಂತು ಕೇಳಬೇಕಿತ್ತು. ಅಫಜಲಪುರ ತಾಲ್ಲೂಕಿನ ನಮ್ಮ ಹೈಸ್ಕೂಲಿಗೆ ಇದ್ದದ್ದು ಒಂದೇ ಸ್ಮಾರ್ಟ್ ಕ್ಲಾಸು. ಅವರು ಗಣಿತ, ನಾನು ವಿಜ್ಞಾನ. ಅವರ ಪೀರಿಯಡ್ ಆದೊಡನೆ ನನ್ನದು. ಅವರೋ ಗಂಟೆಯನ್ನು ಕಿವಿಗೇ ಹಾಕಿಕೊಂಡವರಲ್ಲ. ಕೊನೆಗೂ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಹೃದಯ ಬಡಿಯುವುದನ್ನು ಟಿವಿಯಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟ ನಾನು ಮತ್ತೆ ಬೋರ್ಡಿನ ಮೇಲೆ ಬದನೆಕಾಯಿಯಂಥ ಹೃದಯ ಬರೆಯುತ್ತಿದ್ದೆ. ತಲೆ ಕೆಟ್ಟುಹೋಗುತ್ತಿತ್ತು.

ಒಂದು ದಿನ ತಡೆಯಲಾಗದೆ ಒಳಗೆ ನುಗ್ಗಿದೆ. “ಸರ್, ಆ ವಿಡಿಯೊ ಹಂಗೇ ಓಡಾಕ ಬಿಟ್ರ ಏನಾಗ್ತದ್ರಿ? ಎಲ್ಲಾ ನೀವೇ ಹೇಳೂದಾದ್ರ ಟಿವಿ ಯಾಕ ಬೇಕು?”

ಅವರಿಗೆ ಸಿಟ್ಟು ಬರಲಿಲ್ಲ. ಅದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. “ಚಿತ್ರ ಭಾಳ ಚಂದ ತೋರಸ್ತಾನ್ರಿ ಮೇಡಮ್. ನಾ ತ್ರಿಕೋನ ತಗದ್ರ ಸಮೋಸಾ ಆಗ್ತದ. ಆದ್ರ ಅಕಿ ಗಂಗಮ್ಮ ಮಾರಿ ಸಣ್ಣ ಮಾಡ್ಕೊಂಡು ಕುಂತಾಳ, ಅದು ಇಂವಗ ಕಾಣ್ತದೇನ್ರಿ?” ಎಂದು ಕೊನೆಯ ಬೆಂಚಿನ ಹುಡುಗಿಯನ್ನು ತೋರಿಸಿದರು.

“ತಿಳೀತೇನು?” ಎಂದು ಕೇಳಿ ಸುಮ್ಮನೆ ನಿಂತುಬಿಡುವುದು ಅವರ ಪದ್ಧತಿ. ಒಬ್ಬರು “ಇಲ್ರಿ” ಅಂದರೂ ಮತ್ತೆ ಮೊದಲಿನಿಂದ. ಉಳಿದವರು ಆಕಳಿಸಲಿ, ಬಾಗಿಲಲ್ಲಿ ನಾನು ಹಲ್ಲು ಕಡಿಯುತ್ತಿರಲಿ, ಅವರು ಜಪ್ಪಯ್ಯ ಅನ್ನುತ್ತಿರಲಿಲ್ಲ.

ಅವರ ನಿವೃತ್ತಿ ಹತ್ತಿರ ಬಂತು. ಬದಲಿಗೆ ಯಾರೂ ಬರುವ ಸುದ್ದಿಯಿಲ್ಲ. ಮುಂದಿನ ವರ್ಷ ಹತ್ತನೆಯವರಿಗೆ ಗಣಿತ ಹೇಳುವವರು ಯಾರು? ನನ್ನ ಗಣಿತ ಅಷ್ಟಕ್ಕಷ್ಟೇ. “ನಿಮ್ಮ ಪಾಠಾನೇ ಫೋನಿನ್ಯಾಗ ಹಿಡೀತೇನ್ರಿ” ಎಂದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಫೋನು ಎದುರಿಗಿಟ್ಟೊಡನೆ ಬಾಯಿ ಕಟ್ಟಿತು. “ಯಾರಿಗೆ ಹೇಳಲ್ರಿ? ಇಲ್ಲಿ ಯಾರೂ ಇಲ್ಲಲ್ರಿ!”

ಹಣೆ ಹಣೆ ಚಚ್ಚಿಕೊಂಡು, ಇಡೀ ತರಗತಿಯನ್ನೇ ಕರೆತಂದು ನನ್ನ ಹಿಂದೆ ಕೂರಿಸಿದೆ. ಆಗ ಗಾಡಿ ಹೊರಟಿತು. ಅಲ್ಲಿಯೂ ಅದೇ ಚಾಳಿ: “ತಿಳೀತೇನು?” ಎಂದು ಕೇಳಿ, ಮಕ್ಕಳು “ತಿಳೀತ್ರಿ” ಅನ್ನುವವರೆಗೆ ಬಾಯಿ ಮುಚ್ಚಿ ನಿಲ್ಲುವರು.

“ಈ ಖಾಲಿ ಜಾಗಾ ಎಲ್ಲಾ ಕತ್ತರಿಸಿ ಹಾಕ್ತೇನ್ರಿ ಸರ್.”

“ಬ್ಯಾಡ್ರಿ ಮೇಡಮ್. ಹುಡುಗೂರು ವಿಚಾರ ಮಾಡೂದು ಅದರಾಗೇ.”

ನಿವೃತ್ತರಾಗಿ ಆಳಂದಕ್ಕೆ ಮಗಳ ಮನೆಗೆ ಹೋದವರು ವರ್ಷ ತುಂಬುವ ಮೊದಲೇ ತೀರಿಕೊಂಡರು. ಸುದ್ದಿ ಕೇಳಿ ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ. ಇದ್ದಾಗ ಅಷ್ಟು ಗೋಳು ಹೊಯ್ದುಕೊಂಡ ಮನುಷ್ಯನಿಗಾಗಿ ಇಷ್ಟು ಅಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಗಣಿತದ ಹುದ್ದೆ ಇನ್ನೂ ಖಾಲಿಯಿದೆ. ಮೊನ್ನೆ ಹತ್ತನೆಯವರಿಗೆ ಆ ವಿಡಿಯೊ ಹಾಕಿದೆ. ಒಂದು ಲೆಕ್ಕ ಮುಗಿಸಿ “ತಿಳೀತೇನು?” ಎಂದು ಸರ್ ನಿಂತರು. ಈ ವರ್ಷವಷ್ಟೇ ಕರಜಗಿಯಿಂದ ಬಂದು ಸೇರಿದ, ಅವರನ್ನು ಎಂದೂ ಕಂಡಿರದ ಹುಡುಗಿ ಮೆಲ್ಲಗೆ ಎದ್ದು ನಿಂತು, “ಇಲ್ರಿ ಸರ್” ಎಂದಳು.

ಟಿವಿಯೊಳಗೆ ಹಳೆಯ ಮಕ್ಕಳು “ತಿಳೀತ್ರಿ” ಎಂದು ಕೂಗಿದರು. ಸರ್ ನಕ್ಕು, “ಶಾಭಾಷ್” ಎಂದು ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟರು. ಹುಡುಗಿ ನಿಂತೇ ಇದ್ದಳು.