ಮಂಗಳವಾರದ ಮೊದಲ ತುತ್ತು

ಶಾಲೆಗಳಿಗೆ ಬಿಸಿಯೂಟ ಬಂದ ಹೊಸದರಲ್ಲಿ, ಹನ್ನೆರಡು ಗಂಟೆಗೆಲ್ಲ ಮೂಗು ಪಾಠ ಬಿಟ್ಟು ಅಡಿಗೆಕೋಣೆಗೆ ಹೋಗಿಬಿಡುತ್ತಿದ್ದ ಆ ದಿನಗಳು ನಿಮಗೂ ನೆನಪಿರಬಹುದು. ಬೇಳೆ ಬೇಯುವ ವಾಸನೆ, ಆಮೇಲೆ ಒಗ್ಗರಣೆಯ ಸದ್ದು, ತಟ್ಟೆಯನ್ನು ಚೀಲದೊಳಗೇ ಬಾರಿಸುವ ಹುಡುಗರು. ಎಲ್ಲರಿಗೂ ಹಸಿವಾಗುವ ಹೊತ್ತು ಅದು. ನನಗೆ ಮಾತ್ರ ಪ್ರತಿ ಮಂಗಳವಾರ ಆ ಹೊತ್ತಿಗೆ ಕೈಕಾಲು ತಣ್ಣಗಾಗುತ್ತಿದ್ದವು. ಕಾರಣ, ನಮ್ಮವ್ವ ಶಾಲೆಯ ಎಸ್‌ಡಿಎಂಸಿ ಎಂಬ ಉಸ್ತುವಾರಿ ಸಮಿತಿಯ ಮೆಂಬರು.

ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ, ಒಂದು ಕಾಫಿ ಎಸ್ಟೇಟಿನ ಅಂಚಿನಲ್ಲಿತ್ತು ನಮ್ಮ ಶಾಲೆ. ಅಪ್ಪ ಅವ್ವ ಹಾಸನದ ಕಡೆಯಿಂದ ಕೆಲಸಕ್ಕೆ ಬಂದವರು. ಕೂಲಿಯವರಿಗೆಂದು ಸಾಲಾಗಿ ಕಟ್ಟಿದ್ದ ಎಸ್ಟೇಟಿನ ಲೈನ್ ಮನೆಯಲ್ಲಿ ನಮ್ಮ ವಾಸ. ಶಾಲೆಯ ಸಮಿತಿಗೆ ಅಧ್ಯಕ್ಷರು ಅದೇ ಎಸ್ಟೇಟಿನ ರೈಟರ್ ಚಂಗಪ್ಪನವರು. ಅವರ ಮಗಳು ಕಾವೇರಿ ನನ್ನ ಜೊತೆ ಮೂರನೇ ಕ್ಲಾಸಿನಲ್ಲಿದ್ದಳು. ಬೆಳಿಗ್ಗೆ ಕೆಲಸದವರ ಹಾಜರಿ ಹಾಕುವವರೂ ಅವರೇ, ಯಾರಿಗೆ ಯಾವ ಲೈನ್ ಮನೆ ಎಂದು ಹೇಳುವವರೂ ಅವರೇ. ಲೈನಿನಿಂದ ಒಬ್ಬ ತಾಯಿ ಸಮಿತಿಗೆ ಬೇಕು ಎಂದಾಗ ಅವ್ವನ ಹೆಸರು ಬರೆಸಿದ್ದೂ ಅವರೇ.

"ನೀನೇನೂ ಮಾತಾಡ್ಬೇಕಾಗಿಲ್ಲ ಜಯಮ್ಮ. ಬಂದು ಒಂದು ಸೈನ್ ಹಾಕಿದ್ರೆ ಆಯ್ತು," ಎಂದಿದ್ದರಂತೆ.

ಅದಕ್ಕಾಗಿ ಅವ್ವ ಒಂದು ವಾರ ನನ್ನ ಸ್ಲೇಟಿನ ಮೇಲೆ ತನ್ನ ಹೆಸರು ತಿದ್ದಿದಳು. ಕೊನೆಯ ಒತ್ತಕ್ಷರಕ್ಕೆ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ನಾನು ಟೀಚರಮ್ಮನ ಹಾಗೆ ಗದರುತ್ತಿದ್ದೆ. ನನಗೆ ಆಗ ಹೆಮ್ಮೆಯೋ ಹೆಮ್ಮೆ.

ಸಮಿತಿಯವರಿಗೆ ಒಂದು ಪಾಳಿಯ ಕೆಲಸವಿತ್ತು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಒಬ್ಬರು ಬಂದು ಊಟದ ರುಚಿ ನೋಡಿ, ರುಚಿ ಪುಸ್ತಕದಲ್ಲಿ ಸಹಿ ಹಾಕಬೇಕು. ಮಂಗಳವಾರ ಅವ್ವನದು. ಎಸ್ಟೇಟಿನ ಕಣದಲ್ಲಿ ಕಾಫಿ ಹರಡುತ್ತಿದ್ದವಳು ಸೆರಗಿನಲ್ಲಿ ಕೈ ಒರೆಸುತ್ತ ಬಂದು, ಅಡಿಗೆಯ ಸರೋಜಕ್ಕ ಹಾಕಿಕೊಟ್ಟ ಅನ್ನ ಸಾರನ್ನು ನಿಂತೇ ಉಂಡು, "ಸಂದಾಗೈತೆ" ಎಂದು ಸಹಿ ಹಾಕಿ ಹೋಗುತ್ತಿದ್ದಳು. ನಮ್ಮವ್ವನಿಗೆ ಎಲ್ಲರಿಗಿಂತ ಮೊದಲು ಊಟ ಎಂದು ನಾನು ಜಂಬ ಕೊಚ್ಚಿದ್ದೇ ತಪ್ಪಾಯಿತು. ನಾವು ಕುಂಟೆಬಿಲ್ಲೆ ಆಡುವಲ್ಲಿಗೆ ಐದನೇ ಕ್ಲಾಸಿನ ಶಿವು ಬಂದ.

"ಥೂ ಪೆದ್ದಿ, ನಿಮ್ಮವ್ವಂಗೆ ಯಾಕ್ ಮೊದ್ಲು ಕೊಡ್ತಾರೆ ಗೊತ್ತಾ? ಸಾರಲ್ಲಿ ಹಲ್ಲಿ ಬಿದ್ದಿದ್ರೆ ಮೊದ್ಲು ಅವ್ಳೇ ಸಾಯ್ಲಿ ಅಂತ. ಅರ್ಧ ಗಂಟೆ ಕಾಯ್ತಾರೆ. ಸಾಯ್ಲಿಲ್ಲ ಅಂದ್ರೆ ನಮಗೆ ಬಡಿಸ್ತಾರೆ."

ಸುಳ್ಳು ಎಂದು ಅವನ ಬೆನ್ನಿಗೆ ಗುದ್ದಿದೆ. ಆದರೆ ಯೋಚಿಸಿದಷ್ಟೂ ಅವನು ಹೇಳಿದ್ದೇ ಸರಿ ಅನ್ನಿಸತೊಡಗಿತು. ಉಪ್ಪು ಹುಳಿ ನೋಡಲು ಅರ್ಧ ನಿಮಿಷ ಸಾಕಲ್ಲ, ಅರ್ಧ ಗಂಟೆ ಯಾಕೆ?

ಅಲ್ಲಿಂದ ಮುಂದೆ ಮಂಗಳವಾರ ಬಂತೆಂದರೆ ನಾನು ಕಿಟಕಿ ಪಕ್ಕ ಕೂರಲು ಜಗಳವಾಡುತ್ತಿದ್ದೆ. ಅವ್ವ ಉಣ್ಣುವುದು ಅಲ್ಲಿಂದ ಕಾಣುತ್ತಿತ್ತು. ಸಹಿ ಹಾಕಿ ಸಿಲ್ವರ್ ಓಕ್ ಮರಗಳ ಹಿಂದೆ ಮರೆಯಾದ ಮೇಲೆ ಶುರುವಾಗುತ್ತಿತ್ತು ಸಂಕಟ. ಕಣದಲ್ಲಿ ಬಿದ್ದಿದ್ದರೆ? ಬಾಯಲ್ಲಿ ನೊರೆ ಬಂದಿದ್ದರೆ? ಒಂದಕ್ಕೆ ಹೋಗಬೇಕು ಎಂದು ಬೆರಳೆತ್ತಿ ಹೊರಗೆ ಓಡಿ, ಬೇಲಿಯ ಕಲ್ಲು ಹತ್ತಿ ನೋಡುತ್ತಿದ್ದೆ. ಅವ್ವ ತಲೆಗೆ ಕಟ್ಟಿದ ಕೆಂಪು ಬಟ್ಟೆ ಕಣದಲ್ಲಿ ಓಡಾಡುತ್ತಿದ್ದರೆ ಜೀವ ಬರುತ್ತಿತ್ತು.

"ನಿಂಗೆ ಮಂಗಳವಾರ ಮಾತ್ರ ಯಾಕೇ ಹೀಗೆ ಅವಸರ?" ಎಂದು ಹೆಡ್ ಮಿಸ್ ಲಲಿತಮ್ಮನವರು ಒಮ್ಮೆ ಕೇಳಿಯೇಬಿಟ್ಟರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಕಾರಣ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಅವ್ವನಿಗಂತೂ ಹೇಳಲೇ ಇಲ್ಲ.

ಮಾರ್ಚಿಗೆ ಶಾಲೆಯ ಬಾವಿ ತಳ ಕಂಡಿತು. ಎಸ್ಟೇಟಿನಲ್ಲಿ ಸ್ಪ್ರಿಂಕ್ಲರ್ ಹಾಕಿ ಕಾಫಿ ಹೂವು ಅರಳಿಸಿದ್ದರು. ಗಿಡವೆಲ್ಲ ಬೆಳ್ಳಗೆ, ತಲೆನೋಯುವಷ್ಟು ಘಮ. ಬಟ್ಟೆಗೆ, ಪುಸ್ತಕಕ್ಕೆ, ಕುಡಿಯುವ ನೀರಿಗೂ ಅದೇ ಘಮ ಹತ್ತಿದ ಹಾಗಿತ್ತು. ನೀರಿನ ಕಷ್ಟ ನೋಡಲಾಗದೆ ಚಂಗಪ್ಪನವರು ಎಸ್ಟೇಟಿನಿಂದ ದೊಡ್ಡದೊಂದು ನೀಲಿ ಡ್ರಮ್ ಕೊಡಿಸಿ, ಟ್ರ್ಯಾಕ್ಟರಿನಲ್ಲಿ ನೀರು ತರಿಸಿ ತುಂಬಿಸಿದರು. ಕಾಫಿಗಿಡದ ಕಾಂಡ ಕೊರೆಯುವ ಹುಳಕ್ಕೆ ಹೊಡೆಯುವ ಮದ್ದನ್ನು ಕಲಸುತ್ತಿದ್ದ ಡ್ರಮ್ ಅದು. ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ. ಲೈನಿನಲ್ಲಿ ಮನೆಮನೆಗೂ ಸ್ನಾನದ ನೀರಿಗೆ ಅಂಥದೇ ಡ್ರಮ್ಮು. ಅವರು ಮುಂದೆ ನಿಂತು ಮೂರು ಸಲ ಸೋಪು ಹಾಕಿ ಉಜ್ಜಿಸಿದ್ದರು. ಮಕ್ಕಳೆಲ್ಲ ಸಾಲಾಗಿ ನಿಂತು ಅವರಿಗೆ ಚಪ್ಪಾಳೆ ತಟ್ಟಿದೆವು. ಕಾವೇರಿ ಇಡೀ ದಿನ ಗತ್ತಿನಲ್ಲಿ ಓಡಾಡಿದಳು.

ಆ ನೀರಿನಲ್ಲಿ ಮೊದಲ ಅಡಿಗೆಯಾದದ್ದು ಮಂಗಳವಾರ.

ಚಂಗಪ್ಪನವರೂ ನೋಡಲು ಬಂದಿದ್ದರು. ಅವ್ವ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಕಿಟಕಿಯಲ್ಲಿ ನನ್ನ ಉಸಿರೂ ನಿಂತಿತು. ಉಗುಳು ಅವ್ವ, ಉಗುಳು ಎಂದು ಒಳಗೇ ಬೇಡಿಕೊಂಡೆ. ಅವಳು ನುಂಗಿದಳು. ನುಂಗಿದ್ದಲ್ಲದೆ, ತಟ್ಟೆಗೆ ಇನ್ನಷ್ಟು ಸಾರು ಹಾಕಿಸಿಕೊಂಡು ಕುಡಿದಳು.

"ಹೇಗಿದೆ ಜಯಮ್ಮ?" ಎಂದರು ಚಂಗಪ್ಪನವರು.

"ಏನೋ ವಾಸ್ನೆ ಐತೆ ಸಾ."

"ಊರೇ ವಾಸನೆ ಮಾರಾಯ್ತಿ. ಹೂವಿಂದು ಅದು."

"ಹೂವಿಂದಲ್ಲ ಸಾ. ಮದ್ದಿನ್ ವಾಸ್ನೆ."

ಸರೋಜಕ್ಕ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ನೀರಿನ ಗಡಿಬಿಡಿಯಲ್ಲಿ ಅಂದು ಅಡಿಗೆ ತಡವಾಗಿ, ಕಿಟಕಿ ಬಿಡದ ನನ್ನೊಬ್ಬಳನ್ನು ಬಿಟ್ಟು ಮಕ್ಕಳೆಲ್ಲ ಆಗಲೇ ಜಗುಲಿಯಲ್ಲಿ ತಟ್ಟೆ ಹಿಡಿದು ಸಾಲು ನಿಂತಿದ್ದರು. ಲಲಿತಮ್ಮನವರು ರುಚಿ ಪುಸ್ತಕ ತೆರೆದು ಪೆನ್ನು ಮುಂದೆ ಹಿಡಿದರು. "ಹೊತ್ತಾಯ್ತು ಜಯಮ್ಮ, ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಸೈನ್ ಹಾಕಿ," ಎಂದರು. ಅವರ ದನಿಯಲ್ಲೂ ಹೆದರಿಕೆಯಿತ್ತು.

ಅವ್ವ ಪೆನ್ನು ಮುಟ್ಟಲಿಲ್ಲ.

"ಮೂರು ಸಲ ತೊಳೆಸಿದೀನಿ ನಾನು," ಚಂಗಪ್ಪನವರ ಮುಖ ಕೆಂಪಾಗಿತ್ತು. "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀತಿದೀಯ. ನಾಳೆ ಬೆಳಿಗ್ಗೆ ಹಾಜರಿಗೆ ನನ್ನ ಮುಂದೇನೇ ನಿಲ್ಲಬೇಕು ನೀನು, ಗೊತ್ತಲ್ಲ?"

ಆಗ ನನಗೆ ಎರಡು ಹೆದರಿಕೆ ಒಟ್ಟಿಗೆ ಬಂದವು. ಅವ್ವ ಸಾಯುತ್ತಾಳೆ, ಬದುಕಿದರೆ ನಮ್ಮನ್ನು ಲೈನಿನಿಂದ ಓಡಿಸುತ್ತಾರೆ. ಸಹಿ ಹಾಕಿಬಿಡವ್ವ ಎಂದೂ ಒಂದು ಕ್ಷಣ ಅನ್ನಿಸಿತು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಅವ್ವ ತಗ್ಗಿಸಿದ ತಲೆ ಎತ್ತದೆಯೇ ಹೇಳಿದಳು: "ನಿಮ್ ಕಾವೇರಿನೂ ಸಾಲ್ನಾಗವ್ಳೆ ಸಾ. ಮೊದ್ಲು ಅವ್ಳಿಗೇ ಬಡಿಸ್ಲಾ?"

ಚಂಗಪ್ಪನವರು ಜಗುಲಿಯ ಕಡೆ ನೋಡಿದರು. ಕಾವೇರಿ ಸಾಲಿನಲ್ಲಿ ಮೂರನೆಯವಳಾಗಿ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಆಟವಾಡುತ್ತಿದ್ದಳು. ಅವರು ಡ್ರಮ್ಮಿನ ಹತ್ತಿರ ಹೋಗಿ ಮುಚ್ಚಳ ತೆಗೆದು ಒಳಗೆ ಮೂಗಿಟ್ಟರು. ಬಿಸಿಲಿಗೆ ಕಾದ ಡ್ರಮ್ಮು. ತಲೆ ಎತ್ತಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಬಂದವರೇ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಚರಂಡಿಗೆ ಸುರಿದರು, ಅನ್ನವನ್ನೂ ಸುರಿದರು. ಕೈ ಸುಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲವೇನೋ.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಕೂತಳು. ವಾಂತಿ ಶುರುವಾಯಿತು. ನಾನು ಕಿಟಕಿಯಿಂದಲೇ ಹೊರಗೆ ಹಾರಿದೆ. ಎಸ್ಟೇಟಿನ ಜೀಪು ಬಂತು, ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು, ಚಂಗಪ್ಪನವರೇ ಡ್ರೈವ್ ಮಾಡಿದರು. ನಾನು ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಲು ಬಿಡದೆ ಕೆನ್ನೆ ತಟ್ಟುತ್ತಿದ್ದೆ. ಅವಳ ಬೆವರು ಹಣೆಯಿಂದ ನನ್ನ ಲಂಗಕ್ಕೆ ಇಳಿಯುತ್ತಿತ್ತು. ಸೋಮವಾರಪೇಟೆಯ ತನಕ ಎಷ್ಟು ತಿರುವುಗಳಿವೆ ಎಂದು ನನಗೆ ಗೊತ್ತಾದದ್ದು ಆ ದಿನ.

"ಅವ್ವ, ಯಾಕೆ ನುಂಗ್ದೆ? ಉಗುಳ್ಬೇಕಿತ್ತು," ಎಂದು ಅತ್ತೆ.

"ಒಂದ್ ತುತ್ತಲ್ಲಿ ಗೊತ್ತಾಗ್ಲಿಲ್ಲ ಕಣ್ ಮಗ," ಎಂದಳು. "ಸುಮ್ನೆ ಅಂದ್ರೆ ತಪ್ಪಾಯ್ತದಲ್ಲ."

ಎರಡು ದಿನ ಆಸ್ಪತ್ರೆಯಲ್ಲಿದ್ದು ಅವ್ವ ಬಂದಳು. ನಮ್ಮನ್ನು ಯಾರೂ ಲೈನಿನಿಂದ ಓಡಿಸಲಿಲ್ಲ. ಚಂಗಪ್ಪನವರು ಬಹಳ ದಿನ ಅವ್ವನ ಮುಖ ನೋಡದೆ ಹಾಜರಿ ಹಾಕುತ್ತಿದ್ದರಂತೆ, ಆದರೆ ಹಾಜರಿ ತಪ್ಪಲಿಲ್ಲ. ಮುಂದಿನ ಮಂಗಳವಾರ ಮಧ್ಯಾಹ್ನ ಅವ್ವ ಮತ್ತೆ ಶಾಲೆಯ ಗೇಟಿನಲ್ಲಿ ಕಂಡಾಗ ಓಡಿಹೋಗಿ ಸೆರಗು ಹಿಡಿದು ನೇತಾಡಿದೆ.

"ಬ್ಯಾಡ ಅವ್ವ, ನೀನು ಉಣ್ಬ್ಯಾಡ. ಬೇರೆ ಯಾರಾದ್ರೂ ಉಣ್ಲಿ."

ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ನಾ ಉಣ್ದೆ ಇದ್ರೆ ಆ ಮೊದಲ್ನೇ ತುತ್ತು ನಿಂದಾಯ್ತದೆ," ಎಂದು ಒಳಗೆ ಹೋದಳು.

ಆ ಶಾಲೆ ಈಗ ಇಲ್ಲ. ಮಕ್ಕಳು ಕಡಿಮೆಯಾಗಿ ಮುಚ್ಚಿದರು. ನಾನು ಕುಶಾಲನಗರದ ಹತ್ತಿರ ಮನೆ ಮಾಡಿದ್ದೇನೆ, ಅವ್ವ ನನ್ನ ಜೊತೆಗಿದ್ದಾಳೆ. ಮಗಳ ಶಾಲೆಯ ಸಮಿತಿಯಲ್ಲಿ ನಾನೂ ಸದಸ್ಯೆ. ನಮಗೆ ವಾಟ್ಸಾಪ್ ಗುಂಪಿದೆ, ಅಡಿಗೆಯ ಫೋಟೋ ಬರುತ್ತದೆ, ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತೇವೆ. ಎಲ್ಲರಿಗೂ ಕೆಲಸ, ಎಲ್ಲರಿಗೂ ಅವಸರ. ಕಳೆದ ತಿಂಗಳು ಮೀಟಿಂಗಿನ ದಿನ ಹೆಡ್ ಮಾಸ್ತರರು ರುಚಿ ಪುಸ್ತಕವನ್ನು ನನ್ನ ಮುಂದಿಟ್ಟು, "ಮೇಡಂ, ನಿಮ್ಮದು ಹನ್ನೊಂದು ಸೈನ್ ಬಾಕಿ ಇದೆ," ಎಂದರು. ಎಲ್ಲರೂ ನೋಡುತ್ತಿದ್ದರು. ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ಚೆಂದದ ಅಕ್ಷರದಲ್ಲಿ ಹನ್ನೊಂದು ಸಲ 'ರುಚಿಯಾಗಿದೆ' ಎಂದು ಬರೆದು ಸಹಿ ಹಾಕಿದೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು.

"ಇಸ್ಕೂಲಿಗೆ ಹೋಗಿದ್ಯಾ? ಏನ್ ಮಾಡಿದ್ರು ಇವತ್ತು ಮಕ್ಳಿಗೆ?" ಎಂದಳು.

ನನಗೆ ಗೊತ್ತಿರಲಿಲ್ಲ.