ಮದ್ದೂರಿಗೆ ಒಯ್ದ ಹಿಪ್ಪುನೇರಳೆ ಕಡ್ಡಿ

ಹಿಪ್ಪುನೇರಳೆಯ ಕುಡಿಯಲ್ಲಿ ಬಿಳಿ ಹಿಟ್ಟಿನಂಥದ್ದು ಕಂಡಾಗ ನನ್ನ ಗಂಡ, ಎಲೆ ಮುದುಡುವ ಹಳೇ ಕಾಯಿಲೆ, ಕಿತ್ತು ಬಿಸಾಕು ಎಂದರು. ಹುಳ ಸಾಕುತ್ತಲೇ ಬೆಳೆದವಳು ನಾನು, ಹಳೇ ಕಾಯಿಲೆ ನನಗೆ ಗೊತ್ತಿಲ್ಲವೇ? ಇದು ದಂಟಿಗೂ ಮೆತ್ತಿಕೊಂಡಿತ್ತು. ಒಂದು ಕಡ್ಡಿ ಮುರಿದುಕೊಂಡು, ಮದ್ದೂರಿನ ರೇಷ್ಮೆ ಅಧಿಕಾರಿಗೆ ತೋರಿಸೇಬಿಡೋಣ ಎಂದು ಬಸ್ಸು ಹತ್ತಿದೆ. ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೆಯೇ; ಗಿಡಕ್ಕೆ ಹುಷಾರಿಲ್ಲವೆಂದರೆ ಒಂದು ಕೊಂಬೆ ಕೈಯಲ್ಲಿ ಹಿಡಿದು ಹೊರಡುವುದು.

ದಾರಿಯಲ್ಲಿ ತಂಗಿಯ ಊರು. ಅವಳ ಹುಳಗಳು ಆಗತಾನೇ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಚರಚರ ಸೊಪ್ಪು ತಿನ್ನುತ್ತಿದ್ದವು. ಹುಳುಮನೆಗೆ ರೋಗದ ಕಡ್ಡಿ ಒಯ್ಯಬಾರದೆಂಬ ಬುದ್ಧಿ ನನಗಿತ್ತು. ಅದಕ್ಕೇ ಅದನ್ನು ಅವಳ ತೋಟದ ಬದುವಿನ ಗಿಡಕ್ಕೆ ಒರಗಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದು, ಕಡ್ಡಿ ಎತ್ತಿಕೊಂಡು ಮುಂದಿನ ಬಸ್ಸು ಹಿಡಿದೆ.

ಅಧಿಕಾರಿ ಭೂತಗನ್ನಡಿಯಲ್ಲಿ ನೋಡಿದರು. ಹಿಟ್ಟಿನೊಳಗಿದ್ದ ಕೀಟವೊಂದನ್ನು ಉಗುರಿನಿಂದ ಒತ್ತಿದರು. ಹಳದಿ ರಸ ಬಂತು. ಇದು ನಮ್ಮ ನೆಲದ್ದಲ್ಲ, ಹೊರದೇಶದಿಂದ ಬಂದ ಹಿಟ್ಟು ತಿಗಣೆ ಎಂದರು. ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವಂತೆ, ಗಾಳಿಯಲ್ಲಿ ಹಾರುತ್ತವಂತೆ, ಸೆರಗಿಗೂ ಅಂಟುತ್ತವಂತೆ. ಕವರಿಗೆ ಹಾಕಿ ಕಟ್ಟಿ ತರಬಾರದಿತ್ತೇ ಎಂದು ರೇಗಿ, ಆಮೇಲೆ ಕೇಳಿದರು:

"ದಾರೀಲಿ ಎಲ್ಲಾದ್ರೂ ಇಟ್ಟಿದ್ರೇನಮ್ಮ?"

ತಂಗಿಯ ಬದು ನೆನಪಾಯಿತು. ಇಲ್ಲ ಎಂದುಬಿಟ್ಟೆ.

ಹುಳ ಮೇಯುವ ಸೊಪ್ಪಿಗೆ ಔಷಧಿ ಹೊಡೆಯುವಂತಿಲ್ಲ, ಹೊಡೆದರೆ ಹುಳವೇ ಸಾಯುತ್ತದೆ. ಈಗಲೇ ಗೊತ್ತಾದರೆ ತಂಗಿ ನಾಲ್ಕು ಸಾಲು ಕೊಯ್ದು ಸುಟ್ಟು ಉಳಿದದ್ದನ್ನು ಕಾಪಾಡಿಕೊಂಡಾಳು. ತಡವಾದರೆ ತೋಟವೂ ಹೋಯಿತು, ಗೂಡಿನ ಬೆಳೆಯೂ ಹೋಯಿತು. ವಾಪಸು ಬರುವ ಬಸ್ಸಿನಲ್ಲಿ ಕೂತು, ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ, ಗಾಳಿಗೆ ಬಂತು ಅಂದುಕೊಳ್ಳುತ್ತಾಳೆ ಎಂದೂ ಯೋಚಿಸಿದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಅವಳ ಊರು ಬಂತು. ಇಳಿದೆ.

ಕಡ್ಡಿ ಎಲ್ಲಿಟ್ಟಿದ್ದೆ, ಅದರಲ್ಲಿ ಏನಿತ್ತು, ಎಲ್ಲ ಹೇಳಿದೆ. ಅವಳು ಕುಡುಗೋಲು ತಂದು ಬದುವಿನ ಪಕ್ಕದ ನಾಲ್ಕು ಸಾಲನ್ನು ಬುಡಮಟ್ಟ ಕೊಯ್ದಳು. ಅವಳ ಹುಳಗಳಿಗೆ ಎರಡು ದಿನದ ಮೇವು ಅದು. ಒಣ ತೆಂಗಿನ ಗರಿ ಒಟ್ಟಿ ಬೆಂಕಿ ಕೊಟ್ಟಳು. ನಾನೂ ಸೊಪ್ಪು ಎತ್ತಿಹಾಕೋಣವೆಂದು ಬಗ್ಗಿದರೆ ಕೈ ಅಡ್ಡ ಹಿಡಿದಳು. ನನ್ನ ಸೆರಗನ್ನೇ ನೋಡುತ್ತಿದ್ದಳು.

"ಉಳ ಗೂಡ್ ಕಟ್ಟೋಗಂಟ ಈ ಕಡೆ ಬರ್ಬ್ಯಾಡ ಕಣಕ್ಕ," ಎಂದಳು.

ನನ್ನ ಬೆನ್ನಿಗೆ ಹುಟ್ಟಿದವಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಕೋಪವೂ ಬಂತು, ಅಳುವೂ ಬಂತು. ಸೆರಗನ್ನು ಎಲ್ಲಿಯೂ ತಾಗದಂತೆ ಮೈಗೆ ಬಿಗಿದು ಸುತ್ತಿಕೊಂಡು, ಬದುವಿನಿಂದ ದೂರ ಸರಿದು ರಸ್ತೆಗೆ ನಡೆದೆ.