ಕಾಲರ್ ಅಕ್ಕನ ಬಾತುಕೋಳಿಗಳು

ಕಾಲರ್ ಅಕ್ಕನ ಬಾತುಕೋಳಿಗಳ ವಿಷಯಕ್ಕೆ ಯಾರಾದರೂ ಹಲ್ಲು ಕಿರಿದರೆ ನನ್ನ ಮೈ ಉರಿಯುತ್ತದೆ. ಅವಳ ಲಾಂಡ್ರಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಹಿಂದೆ ಹಿತ್ತಿಲಲ್ಲಿ ಆ ಗೋಡೆಯೂ ಎದೆಮಟ್ಟಕ್ಕೆ ಮುಗಿದುಹೋಗುತ್ತದೆ. ಅಲ್ಲಿ ನಡೆದದ್ದನ್ನು ಕಣ್ಣಾರೆ ನೋಡಿದವಳು ನಾನು. ಬೀದಿಯವರು ಬಾಯಿಗೆ ಬಂದ ಹಾಗೆ ಆಡಿಕೊಳ್ಳುವುದನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಕಾಲರ್ ಅಕ್ಕ ಅಂತ ಹೆಸರಿಟ್ಟವಳೂ ನಾನೇ. ಎದುರಿಗೆ ಯಾರು ಬಂದರೂ ಅವಳ ಕಣ್ಣು ಮೊದಲು ಹೋಗುವುದು ಕಾಲರಿಗೆ. ಬ್ಯಾಂಕಿನ ಮ್ಯಾನೇಜರನ್ನೇ ಬಾಗಿಲಲ್ಲಿ ನಿಲ್ಲಿಸಿ, ಕಾಲರ್ ಮಗುಚಿ ನೋಡಿ, “ಕತ್ತಿಗೆ ಸೋಪು ಸಿಗಲ್ವಾ ಸಾರ್ ನಿಮಗೆ?” ಅಂದ ಮಹಾತಾಯಿ. ಕೊಳೆ ಕಂಡರೆ ಅವಳಿಗೆ ಕೈ ಸುಮ್ಮನಿರುವುದಿಲ್ಲ. ಹಿತ್ತಿಲಲ್ಲಿ ಎರಡು ಸಿಮೆಂಟಿನ ತೊಟ್ಟಿ, ಒಂದು ಬಟ್ಟೆ ನೆನೆಸಲು, ಇನ್ನೊಂದು ಜಾಲಿಸಲು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು. ಅದರ ಒಂದು ತುದಿಯಲ್ಲಿ ಮಡಚಿದ ಶರ್ಟುಗಳ ರಾಶಿ, ಇನ್ನೊಂದು ತುದಿಯಲ್ಲಿ ಅವಳ ತಂಗಿಯ ಮಗಳ ಶಾಲೆ ಪುಸ್ತಕ.

ತಂಗಿ ಜ್ವರ ಅಂತ ಆಸ್ಪತ್ರೆಗೆ ಹೋದವಳು ವಾಪಸ್ಸು ಬರಲೇ ಇಲ್ಲ. ತಂಗಿಯ ಗಂಡ ಊರೂರು ಅಲೆಯುವ ಕೆಲಸದವನು, ಕೂಸನ್ನು ನೋಡಿಕೊಳ್ಳುವವರು ಯಾರು? ಅಕ್ಕ ಎತ್ತಿಕೊಂಡು ಬಂದಳು. ಗಂಡನೂ ಇಲ್ಲದ, ಮಕ್ಕಳೂ ಇಲ್ಲದ ಅವಳಿಗೆ ಆ ಹುಡುಗಿಯೇ ಉಸಿರು. ಹುಡುಗಿಯೋ ಮಾತಿನಲ್ಲಿ ಬಲು ಜಿಪುಣಿ. “ಹೂಂ”, “ಊಹೂಂ”, “ದೊಡ್ಡಮ್ಮ”, ಇಷ್ಟರಲ್ಲೇ ಅವಳ ದಿನ ಕಳೆದುಹೋಗುತ್ತಿತ್ತು.

ಅವಳು ಮೂರನೇ ಕ್ಲಾಸಿಗೆ ಬಂದ ವರ್ಷ ಅವಳಪ್ಪ ಬಂದ. ಇನ್ನೊಂದು ಮದುವೆಯಾಗಿದ್ದ, ಒಂದೇ ಊರಲ್ಲಿ ನಿಲ್ಲುವ ಕೆಲಸವೂ ಸಿಕ್ಕಿತ್ತು. “ಇಷ್ಟು ದಿನ ನೀವು ನೋಡ್ಕೊಂಡ್ರಿ ಅಕ್ಕ, ಆ ಋಣ ತೀರಿಸೋಕಾಗಲ್ಲ. ಆದ್ರೆ ಮಗು ನನ್ನ ಜೊತೆ ಇರಬೇಕಲ್ವಾ?” ಅಂದ.

“ಅವಳನ್ನೇ ಕೇಳು,” ಅಂದಳು ಅಕ್ಕ.

ಹುಡುಗಿ ನೆಲ ನೋಡಿದಳು. ಅವನೂ ಒತ್ತಾಯ ಮಾಡಲಿಲ್ಲ. “ಶಾಲೆಗೆ ರಜೆ ಬಿಡಲಿ, ಬರ್ತೀನಿ. ಅವಳು ಬರ್ತೀನಿ ಅಂದ್ರೆ ಕರ್ಕೊಂಡು ಹೋಗ್ತೀನಿ, ಇಲ್ಲ ಅಂದ್ರೆ ಇಲ್ಲ,” ಅಂದು ಹೋದ. ನ್ಯಾಯವಾದ ಮಾತು. ಅವನೊಬ್ಬ ಕೆಟ್ಟವನಾಗಿದ್ದರೆ ನಾನೇ ಕತ್ತರಿ ಹಿಡಿದು ಜಗಳಕ್ಕೆ ಇಳಿಯುತ್ತಿದ್ದೆ. ಅವನು ಅದಕ್ಕೂ ಆಸ್ಪದ ಕೊಡಲಿಲ್ಲ.

ಆಮೇಲೆ ಒಂದು ದಿನ ಅಕ್ಕ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದಳು. ಒಳಗೆ ಹಳದಿ ಉಂಡೆಗಳ ಹಾಗೆ ನಾಲ್ಕು ಬಾತುಕೋಳಿ ಮರಿ.

“ಏನೇ ಇದು? ಡ್ರೈಕ್ಲೀನಿಂಗಿಗೆ ಬಂದವಾ?” ಅಂದೆ.

“ಸುಮ್ನಿರೇ. ಮಗೂಗೆ ತಂದಿದೀನಿ.”

“ಗೊತ್ತಾಯ್ತು ಬಿಡು. ಹುಡುಗಿ ಕಾಲಿಗೆ ಹಗ್ಗ ಕಟ್ಟೋ ಬದಲು ಬಾತುಕೋಳಿ ಕಟ್ತಾ ಇದೀಯ.”

ಅವಳು ನಗಲಿಲ್ಲ. “ಕಟ್ಟಿದ್ರೆ ತಪ್ಪೇನೇ?” ಅಂದಳು, ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು.

ಬಾತುಕೋಳಿ ಸಾಕುವುದರಲ್ಲಿ ನಮ್ಮಿಬ್ಬರಿಗೂ ಗೊತ್ತಿದ್ದದ್ದು ಸೊನ್ನೆ. ಪೆಟ್ಟಿಗೆಯಲ್ಲಿ ಪೇಪರ್ ಹಾಸಿದಳು, ಮರಿಗಳು ಜಾರಿ ಜಾರಿ ಕಾಲು ಅಗಲಿಸಿಕೊಂಡು ಬಿದ್ದವು. ಪೇಪರ್ ತೆಗೆದು ಗೋಣಿ ಹಾಸಿದಳು. ಮೇಲೊಂದು ಬಲ್ಬು ಇಳಿಬಿಟ್ಟಳು. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ, ಮೂಲೆಗೆ ಓಡಿದರೆ ಸೆಕೆ, ಇದನ್ನು ಕಂಡುಹಿಡಿದವಳು ಹುಡುಗಿ. ನೀರಿನ ಬಟ್ಟಲು ಮೂಗು ಮುಳುಗುವಷ್ಟು ಆಳ ಇರಬೇಕು, ಮೈ ಮುಳುಗುವಷ್ಟು ಇರಬಾರದು. ಪುಕ್ಕ ಬಲಿಯುವ ತನಕ ತೊಟ್ಟಿಗೆ ಬಿಡಬಾರದು. ಕತ್ತಲಾಗುವ ಮೊದಲು ಜಾಲರಿಯ ಗೂಡಿಗೆ ಸೇರಿಸಬೇಕು. ಮರಿ ಮಾರಿದವನು ಹೇಳಿದ ಒಂದೊಂದು ಮಾತನ್ನೂ ಅಕ್ಕ ಅಕ್ಷರ ತಪ್ಪದೆ ಪಾಲಿಸಿದಳು.

ಹುಡುಗಿಗೆ ಬಾಯಿ ಬಂತು! ದೇವರಾಣೆ, ನಾನು ಸುಳ್ಳು ಹೇಳುತ್ತಿಲ್ಲ. ಶಾಲೆಯಿಂದ ಬಂದವಳೇ ಚೀಲ ಎಸೆದು ಹಿತ್ತಿಲಿಗೆ ಓಡುವಳು, ನಾಲ್ಕೂ ಅವಳ ಹಿಂದೆ ಸಾಲುಗಟ್ಟಿ ಹೊರಡುವುವು. ಯಾವಾಗಲೂ ಕಿರುಚುತ್ತಿದ್ದ ಒಂದಕ್ಕೆ ಲಬೋಲಬೋ ಅಂತ ಹೆಸರಿಟ್ಟಳು. ಅದು ಇವತ್ತು ಏನು ತಿಂತು, ಯಾರ ಚಪ್ಪಲಿ ಕಚ್ಚಿತು, ಯಾಕೆ ಮುನಿಸಿಕೊಂಡಿತು, ಗೋಡೆ ಮೇಲಿಂದ ನನಗೆ ವರದಿ ಬರುತ್ತಿತ್ತು. ಕೇಳಿ ಕೇಳಿ ನನ್ನ ಹೊಲಿಗೆ ತಪ್ಪುತ್ತಿತ್ತು. ಪುಕ್ಕ ಬಂದ ಮೇಲೆ ಅಕ್ಕ ಜಾಲಿಸುವ ತೊಟ್ಟಿಯೊಳಗೆ ಇಟ್ಟಿಗೆಯ ಮೆಟ್ಟಿಲು ಕಟ್ಟಿ, ಕೆಲಸ ಮುಗಿದ ಮೇಲೆ ಹೊಸ ನೀರು ತುಂಬಿಸಿ ಬಿಡತೊಡಗಿದಳು. ಗಿರಾಕಿಗಳ ಬಟ್ಟೆ ಜಾಲಿಸುವ ತೊಟ್ಟಿಯಲ್ಲಿ ಬಾತುಕೋಳಿ! ಕಾಲರ್ ಅಕ್ಕ ಇಷ್ಟು ಸೋತದ್ದನ್ನು ನಾನು ಕಂಡಿದ್ದೇ ಇಲ್ಲ.

ರಜೆಗೆ ಸ್ವಲ್ಪ ಮುಂಚೆ ಅಪ್ಪ ಒಮ್ಮೆ ನೋಡಿಹೋಗಲು ಬಂದ. ಹುಡುಗಿ ಅವನ ಕೈ ಹಿಡಿದು ಹಿತ್ತಿಲಿಗೆ ಎಳೆದೊಯ್ದಳು. “ಇವನ್ನ ಬಿಟ್ಟು ನಾನು ಎಲ್ಲೂ ಬರಲ್ಲ ಅಪ್ಪ,” ಅಂದಳು. ಅಕ್ಕನ ಮುಖ ನೋಡಬೇಕಿತ್ತು, ಗೆದ್ದೇಬಿಟ್ಟಳು ಅಂತ ನಾನೂ ಅಂದುಕೊಂಡೆ. ಅಷ್ಟರಲ್ಲಿ ಅವನ ಬೂಟು ಹಿಕ್ಕೆಯ ಮೇಲೆ ಜಾರಿತು. ಬಾತುಕೋಳಿಗಳು ಮೋರಿಯ ಕೆಸರಲ್ಲಿ ಹೊರಳಾಡಿ ಬಂದಿದ್ದವು. ಅವನು ಮೂಗಿಗೆ ಕರ್ಚೀಫು ಹಿಡಿದು, “ಲಾಂಡ್ರಿ ಮನೇಲಿ ಇದೆಂಥ ವಾಸನೆ ಅಕ್ಕ?” ಅಂದ. ಸುಮ್ಮನೆ ಅಂದದ್ದು, ಮನಸ್ಸಲ್ಲಿ ಏನೋ ಇಟ್ಟುಕೊಂಡು ಅಲ್ಲ. ಆದರೆ ಆ ಮಾತು ಅವಳಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ರಜೆ ಬಿಡುವ ದಿನ ಬಂತು. ಹುಡುಗಿ ಅಂಕಪಟ್ಟಿ ತರಲು ಶಾಲೆಗೆ ಹೋಗಿದ್ದಳು, ಮಧ್ಯಾಹ್ನ ಅಪ್ಪ ಬರುವವನಿದ್ದ. ಅಕ್ಕ ಮನೆ ತೊಳೆದಳು, ಹಿತ್ತಿಲು ಉಜ್ಜಿದಳು, ಮೋರಿಗೆ ಕುದಿನೀರು ಸುರಿದಳು. ಆಮೇಲೆ ನೆನೆಸುವ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಸೋಪಿನ ಪುಡಿ, ಒಂದು ಹಿಡಿ ಸೋಡಾ ಹಾಕಿ, ಬಾತುಕೋಳಿಗಳನ್ನು ಒಂದೊಂದಾಗಿ ಕೂರಿಸಿ ತೊಳೆಯತೊಡಗಿದಳು. ಎಳೆಮಗುವಿನ ಸ್ವೆಟರ್ ತೊಳೆಯುವಷ್ಟು ನಯವಾಗಿ, ರೆಕ್ಕೆ ಬಿಡಿಸಿ, ಬಾಲದ ಬುಡವನ್ನೂ ಬಿಡದೆ.

“ನೀಲಿನೂ ಹಾಕ್ತೀಯಾ?” ಅಂದೆ ಗೋಡೆ ಮೇಲಿಂದ.

“ಬೇಡ, ಹಾಗೇ ಬೆಳ್ಳಗಾಗಿದಾವೆ ನೋಡು,” ಅಂದಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದಳು.

ಮೈಯ ಸೋಪು ಹೋಗಲಿ ಅಂತ ಅವುಗಳನ್ನು ಜಾಲಿಸುವ ತೊಟ್ಟಿಗೆ ಬಿಟ್ಟು, ಹುಡುಗಿಯ ಹೊಸ ಫ್ರಾಕಿಗೆ ಇಸ್ತ್ರಿ ಹಾಕಲು ಒಳಗೆ ಹೋದಳು. ದಿನಾ ಈಜುವ ತೊಟ್ಟಿ. ಅನುಮಾನ ಯಾಕೆ ಬರಬೇಕು? ಲಬೋಲಬೋ ಕಿರುಚಿದ್ದು ನನಗೂ ಕೇಳಿಸಿತು. ಅದು ಕಿರುಚದ ದಿನ ಯಾವುದಿತ್ತು?

ಬಾತುಕೋಳಿಗಳು ತಮ್ಮ ಮೈಯಿಂದಲೇ ಒಸರುವ ಎಣ್ಣೆಯನ್ನು ಕೊಕ್ಕಿನಿಂದ ಪುಕ್ಕಕ್ಕೆಲ್ಲ ಸವರಿಕೊಳ್ಳುತ್ತವಂತೆ. ಅದು ಇದ್ದರೇ ನೀರು ಜಾರುತ್ತದೆ. ಸೋಡಾ ಅದನ್ನು ತೊಳೆದುಹಾಕಿತ್ತು. ಪುಕ್ಕ ಬಟ್ಟೆಯ ಹಾಗೆ ನೀರು ಹೀರಿ ಭಾರವಾಯಿತು, ಇಟ್ಟಿಗೆ ಹತ್ತಲೂ ಶಕ್ತಿ ಸಾಲಲಿಲ್ಲ. ಇದನ್ನು ಮರಿ ಮಾರಿದವನು ಆಮೇಲೆ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಅಂತ ನಾನು ಅವನ ಮೇಲೆ ಹರಿಹಾಯ್ದೆ. “ಬಾತುಕೋಳಿಗೆ ಸೋಪು ಹಾಕಬೇಡಿ ಅಂತ ಯಾರಾದ್ರೂ ಹೇಳ್ತಾರೇನಮ್ಮ?” ಅಂದ ಪಾಪ. ಬೇರೆ ಯಾರೂ ಹಾಕುತ್ತಿರಲಿಲ್ಲ, ನಿಜ.

ನನಗೆ ಗೊತ್ತಾದದ್ದು ಹುಡುಗಿಯ ಚೀತ್ಕಾರದಿಂದ. ಗೋಡೆ ಹಾರಿ ಹೋದೆ. ಅವಳು ಯೂನಿಫಾರ್ಮಿನಲ್ಲೇ ತೊಟ್ಟಿಗಿಳಿದು ಒಂದೊಂದನ್ನೂ ಎದೆಗೆ ಅವಚಿ ಮೇಲೆ ತರುತ್ತಿದ್ದಳು. ಅಕ್ಕ ಇಸ್ತ್ರಿ ಹಾಕಿದ ಬಿಸಿ ಟವೆಲುಗಳನ್ನು ತಂದು ಸುತ್ತಿದಳು, ಉಜ್ಜಿದಳು, ಕೊಕ್ಕಿಗೆ ಬಾಯಿಟ್ಟು ಊದಿದಳು. ಲಬೋಲಬೋ ಒಂದು ಸಲ ಕಣ್ಣು ಬಿಟ್ಟಿತು. ಅಷ್ಟೇ.

“ಯಾಕೆ ತೊಳೆದೆ ದೊಡ್ಡಮ್ಮ?”

“ನಿಮ್ಮಪ್ಪ ವಾಸನೆ ಅಂದ್ರಲ್ಲ ಕಂದಾ. ಇವತ್ತು ಚೆನ್ನಾಗಿ ಕಾಣಲಿ ಅಂತ.”

“ಅವು ಚೆನ್ನಾಗೇ ಇದ್ವು,” ಅಂದಳು ಹುಡುಗಿ.

ಅಕ್ಕ ಒದ್ದೆ ಟವೆಲುಗಳನ್ನು ಒಂದೊಂದಾಗಿ ಹಿಂಡತೊಡಗಿದಳು.

ಅಪ್ಪ ಬಂದ. ನೋಡಿದ. ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿ, ಗೂಡಿನ ಪಕ್ಕ ಗುಂಡಿ ತೋಡಿದ. ಹುಡುಗಿಯೇ ಕೈಯಿಂದ ಮಣ್ಣು ಮುಚ್ಚಿದಳು. ಅವನು ಅಕ್ಕನ ಹತ್ತಿರ ಬಂದು ಮೆತ್ತಗೆ, “ಈ ಸಲ ಬೇಡ ಅಕ್ಕ, ಇಂಥ ದಿನ ಏನೂ ಕೇಳೋದು ಬೇಡ. ಇನ್ನೊಮ್ಮೆ ಬರ್ತೀನಿ,” ಅಂದ.

“ಇವತ್ತೇ ಹೋಗೋಣ ಅಪ್ಪ,” ಅಂದಳು ಹುಡುಗಿ. ಯಾರೂ ಅವಳನ್ನು ಕೇಳಿರಲಿಲ್ಲ.

ಅಕ್ಕ ಒಳಗೆ ಹೋಗಿ ಬಟ್ಟೆ ಜೋಡಿಸಿದಳು. ಹುಡುಗಿ ಹೊಸ ಫ್ರಾಕು ಹಾಕಿಕೊಂಡು, ಬಿಚ್ಚಿದ ಯೂನಿಫಾರ್ಮನ್ನು ಕೈಯಲ್ಲಿ ಹಿಡಿದು ಬಂದಳು. ಅದರ ತುಂಬ ಮಣ್ಣು, ಎದೆಯ ಹತ್ತಿರ ಒದ್ದೆ ಪುಕ್ಕ ಅಂಟಿಕೊಂಡಿತ್ತು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು. “ಕೊಡು ಕಂದಾ, ಒಂದು ಗಳಿಗೆ, ತೊಳೆದು ಕೊಡ್ತೀನಿ.”

ಹುಡುಗಿ ಬಟ್ಟೆ ಅವಚಿಕೊಂಡು ಹಿಂದೆ ಸರಿದಳು. “ಬೇಡ. ನೀನು ಮುಟ್ಟಬೇಡ.”

ಇಸ್ತ್ರಿ ಮೇಜಿನ ಮೇಲೆ ಅದನ್ನು ಹರಡಿ, ತೋಳು ಒಳಗೆ ಮಡಚಿ, ಅಂಚಿಗೆ ಅಂಚು ಕೂಡಿಸಿ, ದೊಡ್ಡಮ್ಮ ಕಲಿಸಿದ ಹಾಗೆಯೇ ಮಡಚಿದಳು. ಪುಕ್ಕ ಉದುರದಂತೆ ಎಚ್ಚರಿಕೆಯಿಂದ ಚೀಲದಲ್ಲಿಟ್ಟಳು.

ಬೀದಿಗೆ ಬಂದು ಗಾಡಿ ಹತ್ತಿದ ಮೇಲೆ ಒಂದು ಸಲ ತಿರುಗಿ ನೋಡಿದಳು. ನಾನು ಕೈ ಬೀಸಿದೆ. ಅಕ್ಕ ಬೀಸಲಿಲ್ಲ. ಹುಡುಗಿಯ ಕಣ್ಣಿಗೆ ಬೀಳದಿರಲಿ ಅಂತ ಎರಡು ಕೈಗಳನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು.